ಟಿಸಿಎಂ ಸ್ಪಂದಿಸದಿದ್ದಾಗ: ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಸಂಪರ್ಕ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಕಾರಿನ ದೋಷ ಓದುವ ಸ್ಕ್ಯಾನರ್ ಹಾಕಿದ ಕೂಡಲೇ ಯು0101 ಎಂಬ ಕೋಡ್ ಬರುತ್ತದೆ. ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿದೆ, ಮೀಟರ್ ಬೋರ್ಡಿನಲ್ಲಿ ಗೇರ್ ತೋರಿಸುವ ಅಕ್ಷರ ಮಿನುಗುತ್ತಿದೆ ಅಥವಾ ಮಾಯವಾಗಿದೆ. ಇಂಥ ಹೊತ್ತಿನಲ್ಲಿ ‘ಟಿಸಿಎಂ ಹೋಗಿದೆ, ಬದಲಿಸಿ’ ಎಂಬ ತೀರ್ಪು ಬಲು ಬೇಗ ಹೊರಬೀಳುತ್ತದೆ. ಆದರೆ ಆ ಕೋಡ್ ಅಷ್ಟು ದೂರ ಹೋಗುವುದಿಲ್ಲ. ಗೇರ್‌ಬಾಕ್ಸ್ ನಿಯಂತ್ರಿಸುವ ಟಿಸಿಎಂನಿಂದ ಬರಬೇಕಾದ ಸಂದೇಶ ತನಗೆ ಬರಲಿಲ್ಲ ಎಂದು ಇನ್ನೊಂದು ಮಾಡ್ಯೂಲ್, ಅಂದರೆ ಕಾರಿನ ಬೇರೊಂದು ಭಾಗವನ್ನು ನಡೆಸುವ ಚಿಕ್ಕ ಕಂಪ್ಯೂಟರ್, ದೂರು ಬರೆದಿಟ್ಟಿದೆ, ಅಷ್ಟೆ. ಸಂದೇಶ ಬಾರದಿರಲು ಸುಟ್ಟ ಫ್ಯೂಸ್ ಕಾರಣವಿರಬಹುದು, ಸಡಿಲವಾದ ಅರ್ತ್ ಬೋಲ್ಟ್ ಇರಬಹುದು, ಕಿಲುಬು ಹಿಡಿದ ಪಿನ್ ಇರಬಹುದು, ತುಂಡಾದ ವೈರ್ ಇರಬಹುದು. ಟಿಸಿಎಂ ನಿಜಕ್ಕೂ ಸತ್ತಿರುವ ಸಾಧ್ಯತೆಯನ್ನು ಈ ಎಲ್ಲವನ್ನೂ ಪರೀಕ್ಷಿಸಿ ತಳ್ಳಿಹಾಕಿದ ಮೇಲೆ ನೋಡಬೇಕು. ಕೆಳಗಿನ ಹಂತಗಳ ಕ್ರಮ ಅದೇ ಉದ್ದೇಶದಿಂದ ಬಂದದ್ದು. ಅವಸರದಲ್ಲಿ ಹಂತ ಹಾರಿಸಬೇಡಿ.

ಮಾಡ್ಯೂಲ್‌ಗಳು ಹೇಗೆ ಮಾತಾಡಿಕೊಳ್ಳುತ್ತವೆ

ಎಂಜಿನ್, ಗೇರ್‌ಬಾಕ್ಸ್, ಎಬಿಎಸ್, ಮೀಟರ್ ಬೋರ್ಡ್, ಇವೆಲ್ಲ ಒಂದೇ ಜೋಡಿ ವೈರಿನ ಮೇಲೆ ಮಾಹಿತಿ ಹಂಚಿಕೊಳ್ಳುತ್ತವೆ. ಇದಕ್ಕೆ ಕ್ಯಾನ್ ಬಸ್ ಎನ್ನುತ್ತಾರೆ. ಬಾಷ್ ಕಂಪನಿ ಇದನ್ನು 1986ರಲ್ಲಿ ಲೋಕಕ್ಕೆ ಪರಿಚಯಿಸಿತು. ಒಂದಕ್ಕೊಂದು ಹೆಣೆದುಕೊಂಡ ಎರಡು ವೈರುಗಳಲ್ಲಿ ಒಂದು ಕ್ಯಾನ್ ಹೈ, ಇನ್ನೊಂದು ಕ್ಯಾನ್ ಲೋ. ಯಾರೂ ಸಂದೇಶ ಕಳಿಸದಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್ ಇರುತ್ತದೆ. ಸಂದೇಶ ಹೋಗುವಾಗ ಹೈ 3.5ರ ಹತ್ತಿರಕ್ಕೆ ಏರುತ್ತದೆ, ಲೋ 1.5ರ ಹತ್ತಿರಕ್ಕೆ ಇಳಿಯುತ್ತದೆ. ಮಾಡ್ಯೂಲ್‌ಗಳು ಓದುವುದು ಇವೆರಡರ ನಡುವಿನ ಅಂತರವನ್ನು. ಹೊರಗಿನ ಗದ್ದಲ ಎರಡೂ ವೈರಿಗೆ ಸಮನಾಗಿ ತಗುಲಿದರೆ ಅಂತರ ಬದಲಾಗುವುದಿಲ್ಲ. ವೈರುಗಳನ್ನು ಹೆಣೆದಿರುವುದು ಇದೇ ಕಾರಣಕ್ಕೆ, ರಿಪೇರಿಯ ಮಾತು ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಬಸ್ಸಿನ ಎರಡು ತುದಿಗಳಲ್ಲಿ ತಲಾ 120 ಓಮ್‌ನ ರೆಸಿಸ್ಟರ್ ಇರುತ್ತದೆ. ಸಂಕೇತ ತುದಿಗೆ ಬಡಿದು ಹಿಂದಕ್ಕೆ ಪುಟಿಯದಂತೆ ತಡೆಯುವುದು ಅದರ ಕೆಲಸ. ಎರಡು ರೆಸಿಸ್ಟರ್ ಸಮಾಂತರವಾಗಿ ಸೇರಿದರೆ 60 ಓಮ್. ಮಲ್ಟಿಮೀಟರ್ ಹಿಡಿದ ಕೈಗೆ ಇದಕ್ಕಿಂತ ಉಪಯುಕ್ತವಾದ ಸಂಖ್ಯೆ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಪ್ರತಿ ಮಾಡ್ಯೂಲ್ ತನ್ನ ತಪ್ಪುಗಳ ಲೆಕ್ಕವನ್ನೂ ಇಟ್ಟುಕೊಳ್ಳುತ್ತದೆ. ಕಳಿಸಿದ ಸಂದೇಶ ಹಾಳಾದರೆ ಲೆಕ್ಕಕ್ಕೆ 8 ಸೇರುತ್ತದೆ, ಸರಿಯಾಗಿ ಹೋದರೆ 1 ಕಳೆಯುತ್ತದೆ. ಲೆಕ್ಕ 255 ದಾಟಿದರೆ ಆ ಮಾಡ್ಯೂಲ್ ಬಸ್ಸಿನಿಂದ ತಾನಾಗಿಯೇ ಹೊರಗುಳಿಯುತ್ತದೆ. ಇದನ್ನು ಬಸ್ ಆಫ್ ಸ್ಥಿತಿ ಎನ್ನುತ್ತಾರೆ. ಏರುವುದು ಎಂಟೆಂಟರಂತೆ, ಇಳಿಯುವುದು ಒಂದೊಂದರಂತೆ. ಒಂದೇ ಒಂದು ಲೂಸ್ ಪಿನ್, ಗುಂಡಿಗೆ ಚಕ್ರ ಬಿದ್ದ ಕ್ಷಣದಲ್ಲಿ ಅಲುಗಾಡಿದರೂ ಟಿಸಿಎಂ ಮೌನವಾಗಿಬಿಡಬಹುದು. ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಎಲ್ಲ ಸರಿಹೋದಂತೆ ಕಾಣುವುದೂ ಇದರಿಂದಲೇ.

ಕೈ ಹಾಕುವ ಮುನ್ನ

ಬೇಕಾದ ಸಾಮಾನು ಹೆಚ್ಚೇನಿಲ್ಲ. ಎಲ್ಲ ಮಾಡ್ಯೂಲ್‌ಗಳನ್ನೂ ಓದಬಲ್ಲ ಸ್ಕ್ಯಾನರ್, ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್, ಹೋಲ್ಡರಿಗೆ ವೈರ್ ಹಾಕಿದ 12 ವೋಲ್ಟ್ 21 ವ್ಯಾಟ್‌ನ ಬಲ್ಬ್, ಕನೆಕ್ಟರಿನ ಹಿಂದಿನಿಂದ ತೂರಿಸಲು ಸಣ್ಣ ಸೂಜಿಯಂಥ ಪ್ರೋಬ್‌ಗಳು, ಮತ್ತು ಆ ಕಾರಿನದೇ ವೈರಿಂಗ್ ಡಯಾಗ್ರಂ. ಕೊನೆಯದು ಇಲ್ಲದೆ ಕೆಲಸ ಶುರು ಮಾಡಬೇಡಿ. ಪಿನ್ ಸಂಖ್ಯೆ ಊಹಿಸಿ ಪ್ರೋಬ್ ಇಟ್ಟರೆ ಒಳ್ಳೆಯ ಮಾಡ್ಯೂಲನ್ನೂ ಸುಡಬಹುದು.

ಕಾರು ಸಮತಟ್ಟಾದ ಜಾಗದಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಅಡ್ಡ ಕೊಡಿ. ಗೇರ್ ಲಿವರ್ ಪಾರ್ಕ್‌ನಲ್ಲಿದೆ ಎಂಬುದನ್ನಷ್ಟೇ ನೆಚ್ಚಿ ಕಾರಿನಡಿ ಹೋಗಬೇಡಿ, ಏಕೆಂದರೆ ನಾವು ಅನುಮಾನಿಸುತ್ತಿರುವುದೇ ಆ ವ್ಯವಸ್ಥೆಯನ್ನು. ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗಳನ್ನು ಮುಟ್ಟಬೇಡಿ. ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಕ್ಕೆ ಕುತ್ತಾಗುವಷ್ಟು ವೋಲ್ಟೇಜ್ ಇರುತ್ತದೆ. ಅದರ ತರಬೇತಿ ಇಲ್ಲದವರು ಅಲ್ಲಿಗೆ ಕೈ ಹಾಕಬಾರದು.

ಹಂತ 1: ಅಳಿಸದೆ ಓದಿ

ಕೋಡ್ ಅಳಿಸಿ ನೋಡೋಣ ಎಂಬ ಆಸೆಯನ್ನು ಈಗ ತಡೆದುಕೊಳ್ಳಿ. ಅಳಿಸಿದರೆ ಸಾಕ್ಷಿಯೂ ಹೋಗುತ್ತದೆ. ಟಿಸಿಎಂ ಒಂದನ್ನೇ ಅಲ್ಲ, ಕಾರಿನಲ್ಲಿರುವ ಎಲ್ಲ ಮಾಡ್ಯೂಲ್‌ಗಳನ್ನೂ ಸ್ಕ್ಯಾನ್ ಮಾಡಿ. ಯಾವುದು ಸ್ಪಂದಿಸಿತು, ಯಾವುದು ಸ್ಪಂದಿಸಲಿಲ್ಲ, ಯಾವ ಕೋಡ್ ಈಗಿನದು, ಯಾವುದು ಹಳೆಯದು ಎಂದು ಬರೆದಿಟ್ಟುಕೊಳ್ಳಿ. ಫ್ರೀಜ್ ಫ್ರೇಮ್, ಅಂದರೆ ದೋಷ ಬಂದ ಗಳಿಗೆಯ ದಾಖಲೆ, ಇದ್ದರೆ ಆಗಿನ ಬ್ಯಾಟರಿ ವೋಲ್ಟೇಜ್, ವೇಗ, ತಾಪಮಾನ ಕೂಡ ಬರೆಯಿರಿ.

ಸಾಮಾನ್ಯವಾಗಿ ಎದುರಾಗುವ ಕೋಡ್‌ಗಳು ಹೀಗಿವೆ:

- ಯು0101: ಟಿಸಿಎಂನಿಂದ ಸಂದೇಶ ಬರುತ್ತಿಲ್ಲ. ಬರೆಯುವುದು ಬೇರೆ ಮಾಡ್ಯೂಲ್.
- ಯು0100: ಎಂಜಿನ್ ಮಾಡ್ಯೂಲಿನಿಂದ ಸಂದೇಶ ಬರುತ್ತಿಲ್ಲ. ಹಲವು ಸಲ ಇದನ್ನು ಬರೆಯುವುದು ಟಿಸಿಎಂ.
- ಯು0402: ಟಿಸಿಎಂನಿಂದ ಸಂದೇಶ ಬಂದಿದೆ, ಆದರೆ ಅದರೊಳಗಿನ ಮಾಹಿತಿ ನಂಬುವಂತಿಲ್ಲ.
- ಯು0073: ಬಸ್ಸೇ ಆಫ್ ಆಗಿದೆ.
- ಪಿ0700: ಗೇರ್‌ಬಾಕ್ಸ್ ವ್ಯವಸ್ಥೆಯಲ್ಲಿ ದೋಷ ಇದೆ.

ಇವುಗಳಲ್ಲಿ ಪಿ0700ನ್ನು ತಪ್ಪಾಗಿ ಓದುವವರು ಬಹಳ. ಇದು ಎಂಜಿನ್ ಮಾಡ್ಯೂಲಿನಲ್ಲಿ ಕೂತಿರುತ್ತದೆ. ‘ನನ್ನಲ್ಲಿ ದೋಷ ಇದೆ, ಚೆಕ್ ಎಂಜಿನ್ ದೀಪ ಹಚ್ಚು’ ಎಂದು ಟಿಸಿಎಂ ಕೇಳಿಕೊಂಡಾಗ ಎಂಜಿನ್ ಮಾಡ್ಯೂಲ್ ಬರೆದುಕೊಳ್ಳುವ ಕೋಡ್ ಇದು. ಅಂದರೆ ಆ ಗಳಿಗೆಯಲ್ಲಿ ಸಂಪರ್ಕ ಚೆನ್ನಾಗಿಯೇ ಇತ್ತು. ಪಿ0700 ಒಂದೇ ಇದ್ದರೆ ವೈರ್ ಹುಡುಕುತ್ತ ಕೂರಬೇಡಿ. ಟಿಸಿಎಂ ಒಳಗೆ ಹೋಗಿ ಅಸಲಿ ಕೋಡ್ ಓದಿ.

ಈಗ ನಿಮ್ಮ ಪಟ್ಟಿಯನ್ನು ಒಟ್ಟಾಗಿ ನೋಡಿ. ಎಂಜಿನ್, ಎಬಿಎಸ್, ಮೀಟರ್ ಬೋರ್ಡ್ ಮೂರೂ ಯು0101 ಬರೆದಿವೆ, ಟಿಸಿಎಂ ಸ್ಕ್ಯಾನರಿಗೂ ಸಿಗುತ್ತಿಲ್ಲ, ಉಳಿದವು ತಮ್ಮಲ್ಲಿ ಚೆನ್ನಾಗಿ ಮಾತಾಡಿಕೊಳ್ಳುತ್ತಿವೆ ಎಂದಾದರೆ ಬಸ್ಸಿನ ಮುಖ್ಯ ಸಾಲು ಸರಿಯಿದೆ. ದೋಷ ಟಿಸಿಎಂನ ವಿದ್ಯುತ್, ಅರ್ತ್, ಅದಕ್ಕೆ ಹೋಗುವ ಕವಲು ವೈರ್ ಅಥವಾ ಟಿಸಿಎಂ, ಇಷ್ಟರಲ್ಲೇ ಎಲ್ಲೋ ಇದೆ. ಯಾವ ಮಾಡ್ಯೂಲೂ ಸಿಗುತ್ತಿಲ್ಲ ಎಂದಾದರೆ ಬಸ್ಸೇ ಶಾರ್ಟ್ ಆಗಿರಬಹುದು, ಆಗ ನೇರವಾಗಿ ಐದನೇ ಹಂತಕ್ಕೆ ಹೋಗಬಹುದು. ಒಂದೇ ಮಾಡ್ಯೂಲ್ ಯು0101 ಬರೆದಿದ್ದು ಉಳಿದವು ಟಿಸಿಎಂ ಜೊತೆ ಆರಾಮಾಗಿದ್ದರೆ ಅನುಮಾನ ಪಡಬೇಕಾದದ್ದು ದೂರು ಕೊಟ್ಟ ಮಾಡ್ಯೂಲನ್ನು. ಟಿಸಿಎಂ ಈಗ ಸ್ಪಂದಿಸುತ್ತಿದೆ, ಎಲ್ಲರಲ್ಲೂ ಹಳೆಯ ಯು0101 ಮಾತ್ರ ಇದೆ ಎಂದರೆ ಬಂದು ಹೋಗುವ ದೋಷ. ಬಹುಪಾಲು ವಿದ್ಯುತ್ ಪೂರೈಕೆಯದು.

ಸ್ಕ್ಯಾನರ್ ಬಗ್ಗೆಯೂ ಒಂದು ಮಾತು. ಅಗ್ಗದ ಕೋಡ್ ರೀಡರ್‌ಗಳು ಎಷ್ಟೋ ಸಲ ಎಂಜಿನ್ ಮಾಡ್ಯೂಲನ್ನು ಮಾತ್ರ ವಿಚಾರಿಸುತ್ತವೆ. ಟಿಸಿಎಂಗೆ ಪ್ರಶ್ನೆಯನ್ನೇ ಕಳಿಸದ ಉಪಕರಣ ‘ಟಿಸಿಎಂ ಸ್ಪಂದಿಸುತ್ತಿಲ್ಲ’ ಎಂದರೆ ಅದಕ್ಕೆ ಬೆಲೆಯಿಲ್ಲ. ಎಂಜಿನ್ ಮಾಡ್ಯೂಲಿನ ಲೈವ್ ಡೇಟಾದಲ್ಲಿ ಟಿಸಿಎಂ ಕಳಿಸುವ ಈಗಿನ ಗೇರ್ ಅಥವಾ ಟರ್ಬೈನ್ ವೇಗದಂಥ ಅಂಕಿ ಬದಲಾಗುತ್ತಿದೆಯೇ ನೋಡಿ. ಬದಲಾಗುತ್ತಿದ್ದರೆ ಟಿಸಿಎಂ ಬಸ್ಸಿನ ಮೇಲೆ ಮಾತಾಡುತ್ತಲೇ ಇದೆ, ತೊಂದರೆ ನಿಮ್ಮ ಉಪಕರಣದ್ದು.

ಹಂತ 2: ಬ್ಯಾಟರಿ

ಬೇಗ ಮುಗಿಯುವ, ಆದರೆ ಬಿಡಬಾರದ ಹಂತ. ಕಾರು ಕೆಲ ಗಂಟೆ ನಿಂತ ಮೇಲೆ ಬ್ಯಾಟರಿಯಲ್ಲಿ 12.4ರಿಂದ 12.6 ವೋಲ್ಟ್ ಇರಬೇಕು. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ ಸುಮಾರು 13.5ರಿಂದ 14.7ರ ಒಳಗಿರಬೇಕು. ಸ್ಟಾರ್ಟ್ ಮಾಡುವ ಹೊತ್ತಿಗೆ ವೋಲ್ಟೇಜ್ ಕುಸಿದರೆ ಮಾಡ್ಯೂಲ್‌ಗಳು ಒಂದೊಂದು ಗಳಿಗೆ ಮಲಗಿ ಏಳುತ್ತವೆ. ಆ ಗಳಿಗೆಯಲ್ಲಿ ಒಂದನ್ನೊಂದು ಕಾಣದೆ ಯು ಕೋಡ್‌ಗಳನ್ನು ಬರೆದುಕೊಳ್ಳುತ್ತವೆ. ಹತ್ತಾರು ಯು ಕೋಡ್‌ಗಳು ಒಟ್ಟಿಗೆ, ಹಳೆಯವೆಂದು ಬಂದಿದ್ದರೆ ಮೊದಲು ಬ್ಯಾಟರಿಯನ್ನೂ ಅದರ ಟರ್ಮಿನಲ್‌ಗಳನ್ನೂ ನೋಡಿ.

ಹಂತ 3: ಟಿಸಿಎಂಗೆ ವಿದ್ಯುತ್ ಮತ್ತು ಅರ್ತ್

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿಗೆ. ಹೊಸ ಟಿಸಿಎಂ ಹಾಕಿಯೂ ಸರಿಹೋಗದ ಕಾರುಗಳಲ್ಲಿ ಬಿಟ್ಟುಹೋಗಿರುವುದು ಸಾಮಾನ್ಯವಾಗಿ ಈ ಹಂತವೇ.

ಟಿಸಿಎಂಗೆ ಹೆಚ್ಚಾಗಿ ಎರಡು ಬಗೆಯ ಪೂರೈಕೆ ಇರುತ್ತದೆ. ಒಂದು ಬ್ಯಾಟರಿಯಿಂದ ಸದಾ ಬರುವುದು, ಇನ್ನೊಂದು ಇಗ್ನಿಷನ್ ಆನ್ ಆದಾಗ ಬರುವುದು. ಜೊತೆಗೆ ಒಂದು ಅಥವಾ ಹೆಚ್ಚು ಅರ್ತ್ ಪಿನ್‌ಗಳು. ಕೆಲವು ಕಾರುಗಳಲ್ಲಿ ಇಗ್ನಿಷನ್ ಪೂರೈಕೆ ಎಂಜಿನ್ ಮಾಡ್ಯೂಲ್ ನಿಯಂತ್ರಿಸುವ ರಿಲೇ ಮೂಲಕ ಬರುತ್ತದೆ. ಹಾಗಿದ್ದರೆ ರಿಲೇ ಕೆಟ್ಟರೂ ಟಿಸಿಎಂ ಸತ್ತಂತೆ ಕಾಣುತ್ತದೆ. ಡಯಾಗ್ರಂನಲ್ಲಿ ಇವನ್ನು ಬಣ್ಣದ ಪೆನ್ನಿನಿಂದ ಗುರುತು ಮಾಡಿಕೊಳ್ಳಿ.

ಮೊದಲು ಫ್ಯೂಸ್. ಕಣ್ಣಿಂದ ನೋಡಿ ಸರಿಯಿದೆ ಎನ್ನಬೇಡಿ. ಇಗ್ನಿಷನ್ ಆನ್ ಇಟ್ಟು ಫ್ಯೂಸಿನ ತಲೆಯ ಮೇಲಿರುವ ಎರಡೂ ಲೋಹದ ಚುಕ್ಕೆಗಳಲ್ಲಿ ವೋಲ್ಟೇಜ್ ನೋಡಿ. ಎರಡರಲ್ಲೂ ಬ್ಯಾಟರಿ ವೋಲ್ಟೇಜ್ ಬರಬೇಕು. ಫ್ಯೂಸ್ ಸುಟ್ಟಿದ್ದರೆ ಹೊಸದು ಹಾಕಿ ಕೈ ತೊಳೆದುಕೊಳ್ಳಬೇಡಿ, ಅದು ಏಕೆ ಸುಟ್ಟಿತು ಎಂಬ ಪ್ರಶ್ನೆ ಬಾಕಿಯಿದೆ. ಗೇರ್‌ಬಾಕ್ಸ್ ಹತ್ತಿರ ಉಜ್ಜಿ ಹೋದ ವೈರ್ ಅಥವಾ ಒಳಗೆ ಶಾರ್ಟ್ ಆದ ಸೊಲೆನಾಯ್ಡ್ (ಗೇರ್ ಬದಲಿಸಲು ಆಯಿಲ್ ಹರಿವನ್ನು ತೆರೆದು ಮುಚ್ಚುವ ವಿದ್ಯುತ್ ಕವಾಟ) ಕಾರಣ ಇರಬಹುದು.

ಆಮೇಲೆ ಕನೆಕ್ಟರ್. ಇಗ್ನಿಷನ್ ಆಫ್ ಮಾಡಿ ಟಿಸಿಎಂ ಕನೆಕ್ಟರ್ ಬಿಚ್ಚಿ. ಮಲ್ಟಿಮೀಟರ್ ಇಟ್ಟರೆ 12 ವೋಲ್ಟ್ ಕಾಣುತ್ತದೆ, ಸರಿ. ಆದರೆ ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ವೈರಿನ ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟನ್ನೇ ತೋರಿಸುತ್ತದೆ. ಟಿಸಿಎಂ ಸೊಲೆನಾಯ್ಡ್‌ಗಳಿಗೆ ಕರೆಂಟ್ ಕೊಡಲು ಹೊರಟ ಗಳಿಗೆಯಲ್ಲಿ ಆ ಎಳೆ ಕೈಕೊಡುತ್ತದೆ. ಬಲ್ಬ್ ಬೇಕಾಗುವುದು ಇದಕ್ಕೆ. 21 ವ್ಯಾಟ್‌ನ ಬಲ್ಬ್ ಹತ್ತಿರಹತ್ತಿರ 1.75 ಆಂಪಿಯರ್ ಎಳೆಯುತ್ತದೆ. ಬಲ್ಬಿನ ಒಂದು ತುದಿಯನ್ನು ಪೂರೈಕೆ ಪಿನ್ನಿಗೆ, ಇನ್ನೊಂದನ್ನು ಅದೇ ಕನೆಕ್ಟರಿನ ಅರ್ತ್ ಪಿನ್ನಿಗೆ ಕೊಡಿ. ಇಗ್ನಿಷನ್ ಪೂರೈಕೆಯಾದರೆ ಇಗ್ನಿಷನ್ ಆನ್ ಇರಲಿ. ಬಲ್ಬ್ ಪೂರ್ತಿ ಬೆಳಕಿನಲ್ಲಿ ಉರಿದರೆ ಆ ಎರಡೂ ವೈರ್ ಒಮ್ಮೆಲೇ ಪಾಸ್. ಮಂಕಾಗಿ ಉರಿದರೆ ಬಲ್ಬ್ ತೆಗೆಯದೆ, ಉರಿಯುತ್ತಿರುವಾಗಲೇ ಮೀಟರಿನಿಂದ ಅಳೆಯಿರಿ. ಅರ್ತ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಅರ್ಧ ವೋಲ್ಟೋ ಒಂದು ವೋಲ್ಟೋ ಬಂದರೆ ಕಳ್ಳ ಅರ್ತ್ ಕಡೆ ಇದ್ದಾನೆ. ಬ್ಯಾಟರಿ ಪ್ಲಸ್ಸಿಗೂ ಪೂರೈಕೆ ಪಿನ್ನಿಗೂ ನಡುವೆ ಬಂದರೆ ಫ್ಯೂಸ್ ಹೋಲ್ಡರ್, ರಿಲೇ ಅಥವಾ ವೈರಿನಲ್ಲಿ ಇದ್ದಾನೆ.

ಬಲ್ಬ್ ಕೊಡುವುದು ಫ್ಯೂಸ್ ಮೂಲಕ ಬರುವ ಪೂರೈಕೆ ಪಿನ್ ಮತ್ತು ಅರ್ತ್ ಪಿನ್‌ಗಳಿಗೆ ಮಾತ್ರ. ಕ್ಯಾನ್ ವೈರ್, ಸೆನ್ಸರ್ ವೈರ್‌ಗಳಿಗೆ ಬಲ್ಬ್ ತಾಗಿಸಿದರೆ ಮಾಡ್ಯೂಲ್ ಹಾಳಾಗುತ್ತದೆ.

ಕನೆಕ್ಟರ್ ಮತ್ತೆ ಕೂರಿಸಿ, ಎಂಜಿನ್ ಓಡಿಸಿ, ಹಿಂದಿನಿಂದ ಪ್ರೋಬ್ ತೂರಿಸಿ ಇನ್ನೊಮ್ಮೆ ಅಳೆಯಿರಿ. ಹೆಡ್‌ಲೈಟ್, ಬ್ಲೋವರ್ ಎಲ್ಲ ಆನ್ ಇರಲಿ. ಅರ್ತ್ ಪಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ 0.1 ವೋಲ್ಟಿಗಿಂತ ಹೆಚ್ಚು ಬರಬಾರದು. ಹೆಚ್ಚಿದ್ದರೆ ಆ ಅರ್ತ್ ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿ, ಲಗ್ಗಿನ ಕೆಳಗಿರುವ ಪೇಂಟ್ ಮತ್ತು ತುಕ್ಕು ಕೆರೆದು, ಲೋಹ ಹೊಳೆಯುವಂತೆ ಮಾಡಿ ಬಿಗಿಯಿರಿ. ಎಂಜಿನ್‌ನಿಂದ ಬಾಡಿಗೆ ಹೋಗುವ ದಪ್ಪ ಅರ್ತ್ ಪಟ್ಟಿಯನ್ನೂ ನೋಡಿ. ಗೇರ್‌ಬಾಕ್ಸ್ ಇಳಿಸಿ ಏರಿಸಿದ ಕಾರುಗಳಲ್ಲಿ ಇದನ್ನು ಮತ್ತೆ ಹಾಕಲು ಮರೆತಿರುವುದು ಅಪರೂಪವಲ್ಲ.

ಹಂತ 4: ಕನೆಕ್ಟರನ್ನು ಹತ್ತಿರದಿಂದ ನೋಡಿ

ಒಳ್ಳೆಯ ಟಾರ್ಚ್ ಮತ್ತು ಭೂತಗನ್ನಡಿ ತೆಗೆದುಕೊಳ್ಳಿ. ಲಾಕ್ ಕ್ಲಿಪ್ ಮುರಿದಿದೆಯೇ, ರಬ್ಬರ್ ಸೀಲ್ ಜಾಗದಲ್ಲಿದೆಯೇ ನೋಡಿ. ಪಿನ್‌ಗಳ ಮೇಲೆ ಹಸಿರು ಕಿಲುಬು ಇದ್ದರೆ ನೀರು ಹೊಕ್ಕಿದೆ. ಕಪ್ಪು ಪುಡಿಯಂಥ ಕಲೆ ಇದ್ದರೆ ಪಿನ್ ವರ್ಷಗಟ್ಟಲೆ ಸಣ್ಣಗೆ ಅಲುಗಾಡಿ ಸವೆದಿದೆ. ಹೆಣ್ಣು ಟರ್ಮಿನಲ್ ಬಿಗಿ ಕಳೆದುಕೊಂಡಿರುವುದು ಕಣ್ಣಿಗೆ ಕಾಣುವುದಿಲ್ಲ. ಅದೇ ಅಳತೆಯ ಒಂದು ಬಿಡಿ ಗಂಡು ಪಿನ್ ತೂರಿಸಿ ನಿಧಾನವಾಗಿ ಎಳೆಯಿರಿ. ಸ್ವಲ್ಪ ಹಿಡಿದುಕೊಂಡು ಬರಬೇಕು. ಬೆಣ್ಣೆಯಲ್ಲಿ ಜಾರಿದಂತೆ ಬಂದರೆ ಆ ಟರ್ಮಿನಲ್ ಬದಲಿಸಿ. ದಪ್ಪ ಪ್ರೋಬ್ ತುರುಕಿ ಪರೀಕ್ಷೆ ಮಾಡಿದವರಿಂದಲೇ ಎಷ್ಟೋ ಟರ್ಮಿನಲ್‌ಗಳು ಹೀಗೆ ಅಗಲವಾಗುತ್ತವೆ.

ಇನ್ನೊಂದನ್ನು ವಿಶೇಷವಾಗಿ ಹುಡುಕಿ: ಗೇರ್ ಆಯಿಲ್. ಗೇರ್‌ಬಾಕ್ಸ್ ಒಳಗಿನಿಂದ ಹೊರಬರುವ ಕನೆಕ್ಟರಿನ ಓ ರಿಂಗ್ ಗಟ್ಟಿಯಾದರೆ ಆಯಿಲ್ ಜಿನುಗುತ್ತದೆ. ಜಿನುಗಿದ ಆಯಿಲ್ ಕೆಳಗೆ ತೊಟ್ಟಿಕ್ಕುವುದಷ್ಟೇ ಅಲ್ಲ, ವೈರಿನ ಎಳೆಗಳ ಸಂದಿಯಲ್ಲಿ ಮೇಲಕ್ಕೆ ಹೀರಿಕೊಂಡು ದೂರದಲ್ಲಿರುವ ಟಿಸಿಎಂವರೆಗೂ ತಲುಪುತ್ತದೆ. ಮರ್ಸಿಡಿಸ್‌ನ 722.6 ಎಂಬ ಐದು ಗೇರಿನ ಗೇರ್‌ಬಾಕ್ಸಿನಲ್ಲಿ ಇದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ತೊಂದರೆ. ಟಿಸಿಎಂ ಕನೆಕ್ಟರಿನಲ್ಲಿ ಎಣ್ಣೆಯ ಪಸೆ ಕಂಡರೆ ಅಲ್ಲಿ ಒರೆಸಿದರೆ ಸಾಲದು. ಗೇರ್‌ಬಾಕ್ಸ್ ಕಡೆಯ ಕನೆಕ್ಟರ್ ಮತ್ತು ಓ ರಿಂಗ್ ಬದಲಿಸಿ, ಎರಡೂ ಕಡೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ಒಣಗಿಸಿ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ವೈರಿನೊಳಗೆ ಉಳಿದ ಎಣ್ಣೆ ಇನ್ನೂ ಸ್ವಲ್ಪ ಕಾಲ ಬರುತ್ತಲೇ ಇರುತ್ತದೆ.

ಹಂತ 5: 60 ಓಮ್ ಪರೀಕ್ಷೆ

ಈಗ ಬಸ್ಸಿನ ಸರದಿ. ಬ್ಯಾಟರಿ ಮೈನಸ್ ಬಿಚ್ಚಿ ಕೆಲವು ನಿಮಿಷ ಕಾಯಿರಿ. ವಿದ್ಯುತ್ ಇರುವಾಗ ಓಮ್ ಅಳೆದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಸ್ಟೀರಿಂಗ್ ಕೆಳಗಿರುವ, ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್ಟಿನಲ್ಲಿ 6ನೇ ಪಿನ್ ಕ್ಯಾನ್ ಹೈ, 14ನೇ ಪಿನ್ ಕ್ಯಾನ್ ಲೋ. ಇವೆರಡರ ನಡುವೆ ಅಳೆಯಿರಿ. ಆ ಪಿನ್‌ಗಳೇ ಇಲ್ಲದಿದ್ದರೆ ಅದು ಬೇರೆ ಪ್ರೋಟೋಕಾಲ್ ಬಳಸುವ ಹಳೆಯ ಕಾರು. ಅಮೆರಿಕದಲ್ಲಿ ರೋಗನಿರ್ಣಯಕ್ಕೆ ಕ್ಯಾನ್ ಕಡ್ಡಾಯವಾದದ್ದು 2008ರ ಮಾದರಿಗಳಿಂದ.

- 60 ಓಮ್‌ನ ಆಸುಪಾಸು: ಎರಡೂ ತುದಿ, ನಡುವಿನ ಸಾಲು ಸರಿಯಿವೆ.
- 120 ಓಮ್: ಒಂದು ತುದಿಯ ರೆಸಿಸ್ಟರ್ ಕಾಣುತ್ತಿಲ್ಲ. ಸಾಲು ಎಲ್ಲೋ ತುಂಡಾಗಿದೆ ಅಥವಾ ತುದಿಯ ಮಾಡ್ಯೂಲ್ ಬಿಚ್ಚಿದೆ.
- 40 ಓಮ್: ಮೂರನೆಯ ರೆಸಿಸ್ಟರ್ ಸೇರಿದೆ. ತಪ್ಪು ಮಾಡ್ಯೂಲ್ ಹಾಕಿರಬಹುದು.
- ಸೊನ್ನೆಯ ಹತ್ತಿರ: ಹೈ ಮತ್ತು ಲೋ ಒಂದಕ್ಕೊಂದು ಶಾರ್ಟ್.
- ಸಾವಿರಾರು ಓಮ್ ಅಥವಾ ಅನಂತ: ಸಾಕೆಟ್ಟಿಗೆ ಬರುವ ವೈರೇ ತುಂಡಾಗಿದೆ.

ಈ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಈಚಿನ ಬಹಳ ಕಾರುಗಳಲ್ಲಿ ಒಬಿಡಿ ಸಾಕೆಟ್ ನೇರವಾಗಿ ಗೇರ್‌ಬಾಕ್ಸಿನ ಬಸ್ಸಿಗೆ ಸೇರಿರುವುದಿಲ್ಲ, ನಡುವೆ ಒಂದು ಬಸ್ಸಿನಿಂದ ಇನ್ನೊಂದಕ್ಕೆ ಸಂದೇಶ ದಾಟಿಸುವ ಗೇಟ್‌ವೇ ಮಾಡ್ಯೂಲ್ ಇರುತ್ತದೆ. ಅಲ್ಲಿ ನೀವು ಅಳೆದದ್ದು ಸಾಕೆಟ್ಟಿನಿಂದ ಗೇಟ್‌ವೇವರೆಗಿನ ತುಣುಕನ್ನು ಮಾತ್ರ. ಕೆಲವು ತಯಾರಕರು ಎರಡು 120 ಓಮ್ ಬದಲು ಬೇರೆ ಬೇರೆ ಬೆಲೆಯ ರೆಸಿಸ್ಟರ್‌ಗಳನ್ನು ಮಾಡ್ಯೂಲ್‌ಗಳಲ್ಲಿ ಹಂಚಿರುತ್ತಾರೆ. ಡಯಾಗ್ರಂ ಇಲ್ಲದೆ ಶುರು ಮಾಡಬೇಡಿ ಎಂದದ್ದು ಸುಮ್ಮನೆ ಅಲ್ಲ.

ನನಗೆ ಇದಕ್ಕಿಂತ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಟಿಸಿಎಂ ಕನೆಕ್ಟರ್ ಬಿಚ್ಚಿ, ಹಾರ್ನೆಸ್ (ವೈರುಗಳ ಕಟ್ಟು) ಕಡೆಯಲ್ಲಿರುವ ಕ್ಯಾನ್ ಹೈ ಮತ್ತು ಲೋ ಪಿನ್‌ಗಳ ನಡುವೆ ಓಮ್ ಅಳೆಯಿರಿ. ಟಿಸಿಎಂ ಒಳಗೆ ತುದಿಯ ರೆಸಿಸ್ಟರ್ ಇಲ್ಲದ ಕಾರಾದರೆ ಇಲ್ಲಿ 60 ಬರಬೇಕು. ಬಂದರೆ ಬಸ್ಸಿನಿಂದ ಟಿಸಿಎಂವರೆಗಿನ ಎರಡೂ ವೈರ್ ಸೇರಿಕೊಂಡಿವೆ ಎಂದು ಒಂದೇ ಅಳತೆಯಲ್ಲಿ ತಿಳಿಯಿತು. ಅನಂತ ಬಂದರೆ ಕವಲು ವೈರ್ ತುಂಡಾಗಿದೆ. ತುದಿಯ ರೆಸಿಸ್ಟರ್ ಟಿಸಿಎಂ ಒಳಗೇ ಇರುವ ಕಾರಾದರೆ ಇಲ್ಲಿ 120 ಬರುವುದೇ ಸರಿ. ಅದನ್ನು ದೋಷ ಎಂದುಕೊಳ್ಳಬೇಡಿ.

ಹಂತ 6: ಬಸ್ಸಿನ ವೋಲ್ಟೇಜ್

ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಿ. 6ನೇ ಪಿನ್ನನ್ನೂ 14ನೇ ಪಿನ್ನನ್ನೂ ಬೇರೆ ಬೇರೆಯಾಗಿ ಅರ್ತ್‌ಗೆ, ಅಂದರೆ 4 ಅಥವಾ 5ನೇ ಪಿನ್ನಿಗೆ ಅಳೆಯಿರಿ. ಸಂಕೇತ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಮೀಟರ್ ತೋರಿಸುವುದು ಸರಾಸರಿ. ಕ್ಯಾನ್ ಹೈ 2.6ರಿಂದ 2.8, ಕ್ಯಾನ್ ಲೋ 2.2ರಿಂದ 2.4 ಬಂದರೆ ಆರೋಗ್ಯ. ಎರಡನ್ನೂ ಕೂಡಿದರೆ 5ರ ಆಸುಪಾಸು ಬರಬೇಕು.

ಎರಡೂ ಸರಿಯಾಗಿ 2.5 ಆಗಿ ಅಲುಗದೆ ನಿಂತಿದ್ದರೆ ಒಂದೋ ಯಾರೂ ಮಾತಾಡುತ್ತಿಲ್ಲ, ಇಲ್ಲವೇ ಎರಡೂ ವೈರ್ ಶಾರ್ಟ್ ಆಗಿವೆ. ಹಿಂದಿನ ಹಂತದ ಓಮ್ ಇದನ್ನು ಬಿಡಿಸಿ ಹೇಳುತ್ತದೆ. ಒಂದು ವೈರ್ ಸೊನ್ನೆಯಲ್ಲಿದ್ದರೆ ಅದು ಅರ್ತ್ ಆಗಿದೆ. 5 ವೋಲ್ಟ್ ದಾಟಿ ಬ್ಯಾಟರಿ ವೋಲ್ಟೇಜ್ ಕಡೆಗೆ ಹೋಗಿದ್ದರೆ ಯಾವುದೋ ಪೂರೈಕೆ ವೈರಿಗೆ ತಾಗಿದೆ. ಗೇಟ್‌ವೇ ಇರುವ ಕಾರಿನಲ್ಲಿ ಇದೇ ಅಳತೆಯನ್ನು ಟಿಸಿಎಂ ಕನೆಕ್ಟರಿನಲ್ಲಿ ಮಾಡಿ.

ಹಂತ 7: ಶಾರ್ಟ್ ಎಲ್ಲಿದೆ

ಬಸ್ ಪೂರ್ತಿ ಕೆಳಗಿದ್ದರೆ ದೋಷ ವೈರಿನಲ್ಲೂ ಇರಬಹುದು, ಯಾವುದಾದರೂ ಮಾಡ್ಯೂಲಿನೊಳಗೂ ಇರಬಹುದು. ಮಾಡ್ಯೂಲ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋಗಿ. ಪ್ರತಿ ಸಲವೂ ಇಗ್ನಿಷನ್ ಆಫ್ ಮಾಡಿಯೇ ಬಿಚ್ಚಬೇಕು. ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ ಸರಿಯಾಗಿ ಉಳಿದವು ಮಾತಾಡಲು ಶುರುಮಾಡುತ್ತವೋ ಅದು ಅಥವಾ ಅದಕ್ಕೆ ಹೋಗುವ ಕವಲು ಕಾರಣ. ಸುಲಭವಾಗಿ ಕೈಗೆ ಸಿಗುವುದರಿಂದ ಶುರು ಮಾಡಿ. ಜಂಕ್ಷನ್ ಕನೆಕ್ಟರ್ ಇರುವ ಕಾರಿನಲ್ಲಿ ಅದನ್ನು ಬಿಚ್ಚಿದರೆ ಬಸ್ ಅರ್ಧಕ್ಕೆ ಒಡೆಯುತ್ತದೆ, ಹುಡುಕಾಟವೂ ಅರ್ಧವಾಗುತ್ತದೆ. ತುದಿಯ ರೆಸಿಸ್ಟರ್ ಇರುವ ಮಾಡ್ಯೂಲ್ ಬಿಚ್ಚಿದಾಗ ಓಮ್ 120ಕ್ಕೆ ಏರುವುದು ಸಹಜ ಎಂಬುದು ನೆನಪಿರಲಿ.

ಎಲ್ಲಕ್ಕಿಂತ ಮೊದಲು ಬಿಚ್ಚಬೇಕಾದವು ಹೊರಗಿನಿಂದ ಸೇರಿಸಿದವು. ಟ್ರ್ಯಾಕರ್, ಅಲಾರಂ, ಹೊಸ ಸ್ಟೀರಿಯೊ, ರಿವರ್ಸ್ ಕ್ಯಾಮೆರಾ, ಒಬಿಡಿ ಸಾಕೆಟ್ಟಿಗೆ ಸದಾ ಚುಚ್ಚಿಟ್ಟ ಅಡಾಪ್ಟರ್. ಇವುಗಳಲ್ಲಿ ಕೆಲವು ಕ್ಯಾನ್ ವೈರನ್ನು ಸುಲಿದು ಜೋಡಿಸಿದವಾಗಿರುತ್ತವೆ. ಅವನ್ನು ತೆಗೆದು ಮೂಲ ವೈರಿಂಗ್ ಮರಳಿಸಿದ ಮೇಲೆ ಉಳಿದ ಪರೀಕ್ಷೆಗಳಿಗೆ ಅರ್ಥ ಬರುತ್ತದೆ.

ಬಂದು ಹೋಗುವ ದೋಷ

ಎಲ್ಲ ಅಳತೆ ಸರಿ, ಆದರೂ ವಾರಕ್ಕೊಮ್ಮೆ ಕಾರು ಲಿಂಪ್ ಮೋಡಿಗೆ, ಅಂದರೆ ಒಂದೇ ಗೇರಿನಲ್ಲಿ ಸಿಕ್ಕಿಕೊಂಡ ಸ್ಥಿತಿಗೆ, ಹೋಗುತ್ತದೆ. ಇಲ್ಲಿ ತಾಳ್ಮೆ ಬೇಕು. ಸ್ಕ್ಯಾನರಿನಲ್ಲಿ ಟಿಸಿಎಂ ಲೈವ್ ಡೇಟಾ ತೆರೆದಿಟ್ಟು, ಹಾರ್ನೆಸ್ಸನ್ನು ಒಂದು ತುದಿಯಿಂದ ಹಿಡಿದು ಗೇಣು ಗೇಣಾಗಿ ಅಲುಗಾಡಿಸುತ್ತ ಬನ್ನಿ. ಡೇಟಾ ಹೆಪ್ಪುಗಟ್ಟಿದ ಜಾಗದಲ್ಲಿ ನಿಲ್ಲಿ. ಬ್ಯಾಟರಿ ಟ್ರೇ ಕೆಳಗೆ, ಎಂಜಿನ್ ಮೌಂಟ್ ಹತ್ತಿರ, ಎಕ್ಸಾಸ್ಟ್ ಪಕ್ಕ, ಬಾಡಿಯ ತೂತಿನಲ್ಲಿ ವೈರ್ ತೂರುವಲ್ಲಿ ಹೆಚ್ಚು ಗಮನ ಕೊಡಿ. ಬಿಸಿಯಾದಾಗ ಮಾತ್ರ ಬರುವ ದೋಷವಾದರೆ ಟಿಸಿಎಂ ಮೇಲೆ ಹೇರ್ ಡ್ರೈಯರಿನ ಬಿಸಿ ಗಾಳಿಯನ್ನು ಹದವಾಗಿ ಬಿಟ್ಟು ನೋಡಬಹುದು. ಟಿಸಿಎಂ ಗೇರ್‌ಬಾಕ್ಸ್ ಒಳಗೇ ಕೂತಿದ್ದರೆ ಈ ಉಪಾಯ ನಡೆಯುವುದಿಲ್ಲ, ಆಯಿಲ್ ಬಿಸಿಯಾಗುವಷ್ಟು ದೂರ ಓಡಿಸಿಯೇ ನೋಡಬೇಕು.

ಎರಡು ಚಾನೆಲ್ಲಿನ ಆಸಿಲೋಸ್ಕೋಪ್ ಇದ್ದರೆ ಮೀಟರ್ ಮುಚ್ಚಿಡುವುದನ್ನು ಇದು ತೋರಿಸುತ್ತದೆ. ಸೆಕೆಂಡಿಗೆ 5 ಲಕ್ಷ ಬಿಟ್ ಹರಿಯುವ ಬಸ್ಸಿನಲ್ಲಿ ಒಂದು ಬಿಟ್ 2 ಮೈಕ್ರೋಸೆಕೆಂಡ್ ಇರುತ್ತದೆ. ಹೈ ಮತ್ತು ಲೋ ಕನ್ನಡಿಯ ಬಿಂಬದಂತೆ ಎದುರುಬದುರಾಗಿ, ಚೌಕ ಅಂಚಿನಿಂದ ಏರಿಳಿಯಬೇಕು. ಅಂಚಿನಲ್ಲಿ ನಡುಗುವ ಅಲೆ ಕಂಡರೆ ತುದಿಯ ರೆಸಿಸ್ಟರ್ ಕಡೆ ನೋಡಿ. ಒಂದು ವೈರ್ ಕದಲದೆ ನಿಂತು ಇನ್ನೊಂದು ಮಾತ್ರ ಕುಣಿಯುತ್ತಿದ್ದರೆ ನಿಂತ ವೈರಿನಲ್ಲಿ ದೋಷವಿದೆ.

ವೈರ್ ರಿಪೇರಿ

ಹಾಳಾದಷ್ಟು ಕತ್ತರಿಸಿ, ಅದೇ ದಪ್ಪದ ವೈರ್ ಸೇರಿಸಿ, ಕ್ರಿಂಪ್ ಅಥವಾ ಸೋಲ್ಡರ್ ಮಾಡಿ, ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಹೈ ಮತ್ತು ಲೋ ಜೋಡಣೆಗಳನ್ನು ಒಂದೇ ಜಾಗದಲ್ಲಿ ಬರದಂತೆ ಸ್ವಲ್ಪ ಹಿಂದೆಮುಂದೆ ಮಾಡಿ. ಎರಡೂ ವೈರಿನ ಉದ್ದ ಒಂದೇ ಇರಲಿ. ಬಿಚ್ಚಿದ ಹೆಣಿಗೆಯನ್ನು ಆದಷ್ಟು ಜೋಡಣೆಯ ಹತ್ತಿರದವರೆಗೂ ಮತ್ತೆ ಹೆಣೆಯಿರಿ. ಪರೀಕ್ಷೆಗೆಂದು ವೈರಿನ ಹೊದಿಕೆ ಚುಚ್ಚುವ ಅಭ್ಯಾಸ ಬೇಡ. ಆ ಸಣ್ಣ ತೂತಿನಿಂದ ತೇವ ಹೊಕ್ಕು ತಿಂಗಳುಗಳ ಮೇಲೆ ಒಳಗೊಳಗೇ ಕಿಲುಬು ಹಿಡಿಯುತ್ತದೆ.

ಟಿಸಿಎಂ ಬದಲಿಸುವ ಮುನ್ನ

ಪೂರೈಕೆ ಮತ್ತು ಅರ್ತ್ ಬಲ್ಬ್ ಪರೀಕ್ಷೆಯಲ್ಲಿ ಪಾಸಾಗಿವೆ, ಪಿನ್‌ಗಳು ಬಿಗಿಯಾಗಿವೆ, ಟಿಸಿಎಂ ಕನೆಕ್ಟರಿನವರೆಗೆ ಬಸ್ ಓಮ್ ಮತ್ತು ವೋಲ್ಟೇಜ್ ಸರಿಯಿವೆ, ಸರಿಯಾದ ಸ್ಕ್ಯಾನರ್ ಕೇಳಿದರೂ ಟಿಸಿಎಂ ಉತ್ತರಿಸುತ್ತಿಲ್ಲ. ಈ ನಾಲ್ಕೂ ಕೂಡಿಬಂದಾಗ ಮಾತ್ರ ಟಿಸಿಎಂ ಕೆಟ್ಟಿದೆ ಎನ್ನಬಹುದು. ಆಗಲೂ ಫ್ಯೂಸ್ ಹಿಂದೆ ಸುಟ್ಟಿತ್ತೇ, ಸೊಲೆನಾಯ್ಡ್‌ಗಳ ಓಮ್ ಸರಿಯಿದೆಯೇ ಎಂದು ನೋಡಿ. ಹಳೆಯದನ್ನು ಸುಟ್ಟ ಶಾರ್ಟ್ ಹೊಸದನ್ನೂ ಸುಡುತ್ತದೆ.

ಬಹುತೇಕ ಟಿಸಿಎಂಗಳು ಕಾರಿಗೆ ಹೊಂದುವ ಸಾಫ್ಟ್‌ವೇರ್ ಇಲ್ಲದೆ ಕೆಲಸ ಮಾಡುವುದಿಲ್ಲ. ಇನ್ನೊಂದು ಕಾರಿನಿಂದ ಕಿತ್ತದ್ದನ್ನು ಹಾಗೇ ಕೂರಿಸಿದರೆ ವಾಹನದ ಗುರುತಿನ ಸಂಖ್ಯೆ ಹೊಂದದೆ ಹೊಸ ಕೋಡ್‌ಗಳು ಹುಟ್ಟಬಹುದು. ಪ್ರೋಗ್ರಾಮ್ ಮಾಡುವಾಗ ಬ್ಯಾಟರಿಗೆ ಸ್ಥಿರ ವೋಲ್ಟೇಜ್ ಕೊಡುವ ಸಪೋರ್ಟ್ ಚಾರ್ಜರ್ ಹಾಕಿರಲೇಬೇಕು. ನಡುವೆ ವೋಲ್ಟೇಜ್ ಕುಸಿದರೆ ಹೊಸ ಮಾಡ್ಯೂಲ್ ಮತ್ತೆ ಏಳದೆ ಹೋಗಬಹುದು. ನಂತರ ಗೇರ್ ಬದಲಾವಣೆಯ ಅಡಾಪ್ಟೇಷನ್ ಕಲಿಕೆಯನ್ನು ತಯಾರಕರು ಹೇಳಿದ ಕ್ರಮದಲ್ಲೇ ಮಾಡಿ.

ಸರಿಹೋಯಿತೇ ಎಂದು ಖಚಿತಪಡಿಸುವುದು

ಕೋಡ್‌ಗಳನ್ನು ಅಳಿಸುವ ಸಮಯ ಇದು. ಎಲ್ಲ ಮಾಡ್ಯೂಲ್‌ಗಳಲ್ಲೂ ಅಳಿಸಿ, ಇಗ್ನಿಷನ್ ಹಲವು ಸಲ ಆಫ್ ಆನ್ ಮಾಡಿ, ಮತ್ತೆ ಪೂರ್ತಿ ಸ್ಕ್ಯಾನ್ ಮಾಡಿ. ದೋಷ ಯಾವ ಸ್ಥಿತಿಯಲ್ಲಿ ಬರುತ್ತಿತ್ತೋ ಅದೇ ಸ್ಥಿತಿಯಲ್ಲಿ ಓಡಿಸಿ. ಫ್ರೀಜ್ ಫ್ರೇಮ್‌ನಲ್ಲಿ ಬರೆದಿಟ್ಟ ವೇಗ ಮತ್ತು ತಾಪಮಾನ ಈಗ ಉಪಯೋಗಕ್ಕೆ ಬರುತ್ತದೆ. ಎಲ್ಲ ಗೇರ್‌ಗಳೂ ಒಂದಾದ ಮೇಲೊಂದು ಬೀಳುತ್ತಿವೆಯೇ, ಮೀಟರ್ ಬೋರ್ಡಿನ ಅಕ್ಷರ ಸ್ಥಿರವಾಗಿದೆಯೇ, ಲೈವ್ ಡೇಟಾ ನಡುವೆ ಎಲ್ಲಿಯೂ ಹೆಪ್ಪುಗಟ್ಟದೆ ಬರುತ್ತಿದೆಯೇ ನೋಡಿ. ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಆಗಲೂ ಯು ಕೋಡ್ ಬಾರದಿದ್ದರೆ ಕಾರನ್ನು ಹಿಂದಿರುಗಿಸಬಹುದು. ಬಂದರೆ ಮೂರನೇ ಹಂತಕ್ಕೆ ಮರಳಿ, ಈ ಸಲ ತಣ್ಣಗಿರುವಾಗಲೇ ಬಲ್ಬ್ ಹಾಕಿ ನೋಡಿ.